ದೀಪ ಹಚ್ಚಿದ ಮೇಲಿನ ಮನೆ

"ಹಗಲಿನಾಗೂ ಬ್ಯಾಟರಿ ಹಚ್ಕೊಂಡು ಓಡಾಡಬೇಕಲ್ರೀ ಈ ಮನ್ಯಾಗ! ಮನಷ್ಯಾರು ಹ್ಯಾಂಗ ಇರ್ತಾರೋ ಇಲ್ಲಿ..."

ಮಾತಿನ್ನೂ ಮುಗಿದಿರಲಿಲ್ಲ, ಶಾಹೀನಳ ಹಣೆ ಯಾರದೋ ಎದೆಗೆ ಧಡ್ಡನೆ ಬಡಿಯಿತು. ಕೈಯಲ್ಲಿದ್ದ ಅಳತೆ ಟೇಪು ಜಾರಿ ಕತ್ತಲಲ್ಲಿ ಎಲ್ಲೋ ಉರುಳಿತು.

"ಯಾ ಅಲ್ಲಾ! ಯಾರ್ರೀ ಅದು?"

"ಈ ಮನಿಯಾಂವ ರೀ. ರೆಹಾನ. ಫೋನಿನಾಗ ಮಾತಾಡಿದ್ನಲ್ಲ, ನಾನ." ದನಿಯಲ್ಲಿ ಸಿಟ್ಟಿರಲಿಲ್ಲ, ನಗುವನ್ನು ಒತ್ತಿ ಹಿಡಿದಂತಿತ್ತು. "ಮನಷ್ಯಾರು ಹ್ಯಾಂಗ ಇರ್ತಾರ ಅಂತ ಕೇಳಿದ್ರಲ್ಲ ಮೇಡಂ, ಅದನ್ನ ನಮ್ಮ ಅಮ್ಮಿನ್ನ ಕೇಳ್ರಿ. ಅಲ್ಲೇ ನಿಮ್ಮ ಬಾಜೂಕ ಕುಂತಾರ."

ಶಾಹೀನಳ ಜೀವ ಝಲ್ಲೆಂದಿತು!

ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡಿತು. ಗೋಡೆಗೆ ಒರಗಿ, ಮೊರದಲ್ಲಿ ತೊಗರಿಬೇಳೆ ಇಟ್ಟುಕೊಂಡು, ಬೆರಳ ತುದಿಯಿಂದಲೇ ಹರಳು ಹುಡುಕಿ ತೆಗೆಯುತ್ತಿದ್ದ ಹಿರಿಯ ಹೆಂಗಸು. ಕುಲಸುಮಬಿ.

"ಖಾಲಾ... ಮಾಫ್ ಮಾಡ್ರಿ... ನಾ ಹಂಗಂದಿದ್ದಲ್ಲ..."

"ಖರೇ ಅಂದಿ ಬಿಡ ಬೇಟಿ. ಮದುವಿಯಾಗಿ ಬಂದಾಗ ನಾನೂ ಇದನ್ನ ಅಂದಿದ್ದೆ. ನಮ್ಮ ಅತ್ತಿ ವಾರಗಟ್ಲೆ ಮಾತು ಬಿಟ್ಟಿದ್ರು." ಕುಲಸುಮಬಿ ನಕ್ಕಳು. "ಕುಂದರು. ಚಾ ಕುಡಿ. ಆಮ್ಯಾಲ ಎಲ್ಲಿ ಬೇಕೋ ಅಲ್ಲಿ ಗ್ವಾಡಿ ಒಡಿ."

ನಾಚಿಕೆಯಿಂದ ಶಾಹೀನಳ ಕಿವಿ ಕಾದವು. ಅಷ್ಟರಲ್ಲಿ ರೆಹಾನ ಫೋನಿನ ಬೆಳಕು ಹಾಕಿ, ಮೊಣಕಾಲೂರಿ ಟೇಪು ಹುಡುಕಿ ತಂದುಕೊಟ್ಟ. ಬೆಳಕಲ್ಲಿ ಅವನ ಮುಖ ಕಂಡಿತು. ಇವಳು ನೋಡಿದಳು... ಮತ್ತೆ ನೋಡಿದಳು... ಆಮೇಲೆ ಟೇಪಿನ ಮೇಲಿನ ಅಂಕಿಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು.

ನೋಡಿ, ಕಥೆ ಇಲ್ಲಿಂದಲೇ ಶುರುವಾಯಿತು.

ಶಾಹೀನ ಆಳಂದದವಳು. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಟೇಲರ್ ಹಫೀಜನ ಒಬ್ಬಳೇ ಮಗಳು. ಸಿವಿಲ್ ಡಿಪ್ಲೊಮಾ ಮುಗಿಸಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಹೊಸ ಮನೆ, ಹಳೆ ಮನೆಗೆ ಹೊಸ ಕೋಣೆ, ಕತ್ತಲ ಪಡಸಾಲೆಗೆ ಬೆಳಕು... ಇದೇ ಅವಳ ಹುಚ್ಚು. ಅಡುಗೆಮನೆ ಎಲ್ಲಿರಬೇಕೆಂದು ಹೆಂಗಸರು ಗಂಡು ಎಂಜಿನಿಯರನ ಮುಂದೆ ಬಾಯಿಬಿಟ್ಟು ಹೇಳುತ್ತಾರೆಯೇ? ಇವಳ ಮುಂದೆ ಹೇಳುತ್ತಿದ್ದರು. ಹಾಗಾಗಿ ಜೇವರ್ಗಿಯಿಂದ ಹಿರೋಳ್ಳಿಯವರೆಗೂ ಇವಳನ್ನು ಕರೆಯುವವರಿದ್ದರು.

ಹಫೀಜನದು ಒಂದೇ ಷರತ್ತು. "ಎಲ್ಲೇ ಹೋಗು ಬೇಟಿ. ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಆಗೋದ್ರಾಗ ಮನ್ಯಾಗ ಇರಬೇಕು."

ಹಾಗಾಗಿ ಅಫಜಲಪುರದಿಂದ ನಿಂಬರ್ಗಾ ಮೇಲೆ ಆಳಂದಕ್ಕೆ ಬರುವ ನಾಲ್ಕರ ಬಸ್ಸೇ ಇವಳ ಗಡಿಯಾರ. ಗೌಂಡಿ ನಾಗಣ್ಣ ಅರ್ಧ ಗೋಡೆ ಕಟ್ಟುತ್ತಿರಲಿ, ಕಾಂಕ್ರೀಟ್ ಸುರಿಯುತ್ತಿರಲಿ, ಮೂರೂವರೆಗೆ ಬ್ಯಾಗು ಹೆಗಲಿಗೆ!

ಈ ನಾಲ್ಕರ ಬಸ್ಸನ್ನು ಮರೆಯಬೇಡಿ. ಮುಂದೆ ಇದೇ ಬಸ್ಸು ಹುಡುಗಿಯ ತಲೆ ತಗ್ಗಿಸಿತು.

ರೆಹಾನ ಮಣ್ಣೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಪ್ಪ ತೀರಿಕೊಂಡ ಮೇಲೆ ಅಮ್ಮಿಯೇ ಅವನ ಲೋಕ. ಅಫಜಲಪುರದ ಕಲ್ಲುಗೋಡೆಯ ಆ ಹಳೆ ಮನೆಯ ಮುಂದೆ ಓಣಿಯವರೆಗೂ ಖಾಲಿ ಜಾಗವಿತ್ತು. ಅಲ್ಲೊಂದು ಬೆಳಕಿನ ಹಾಲ್ ಕಟ್ಟಿಸಿ ಅಮ್ಮಿಯನ್ನು ಕೂರಿಸಬೇಕು ಅನ್ನುವುದು ಅವನ ಆಸೆ.

ಅಮ್ಮಿ ಒಬ್ಬಳೇ ಅಲ್ಲ. ದಿನಾ ಸಂಜೆ ಓಣಿಯ ಹೆಂಗಸರೆಲ್ಲ ಕುಲಸುಮಬಿಯ ಹತ್ತಿರ ಬಂದು ಕೂರುತ್ತಿದ್ದರು. ಬುರ್ಖಾ ತೆಗೆದಿಟ್ಟು, ಕಾಲು ಚಾಚಿ, ನಕ್ಕು, ಅತ್ತು, ಎಲೆ ಅಡಿಕೆ ಹಾಕಿ ಹೋಗುತ್ತಿದ್ದರು. ಕತ್ತಲಾದರೂ ಅದೇ ಅವರ ದರ್ಬಾರು.

ಶಾಹೀನ ನಕ್ಷೆ ಬರೆದಳು. ಎತ್ತರದ ಕಟ್ಟೆಯ ಮೇಲೆ ಅಗಲವಾದ ಹಾಲ್, ನೆಲಕ್ಕೆ ಶಾಬಾದಿ ಕಲ್ಲು, ಓಣಿಯ ಕಡೆಗೆ ಗೋಡೆಯೇ ಇಲ್ಲ... ಈ ತುದಿಯಿಂದ ಆ ತುದಿಯವರೆಗೂ ಗಾಜು!

ಕುಲಸುಮಬಿ ನಕ್ಷೆ ನೋಡಿ ಸೆರಗು ಸರಿಮಾಡಿಕೊಂಡಳು. "ಬೇಟಿ... ಇಷ್ಟು ದೊಡ್ಡ ಗಾಜು. ಹೊರಗಿಂದ ಕಾಣಸಂಗಿಲ್ಲೇನು?"

"ಇಲ್ಲ ಖಾಲಾ! ಇದು ಬ್ಯಾರೆ ಗಾಜು. ಒಳಗಿಂದ ಹೊರಗ ಕಾಣಸ್ತದ, ಹೊರಗಿಂದ ಒಳಗ ಕಾಣಸಂಗಿಲ್ಲ."

ಗಾಜು ಕೂರಿಸಿದ ದಿನ ಮಟಮಟ ಮಧ್ಯಾಹ್ನ ಅವಳೇ ಕೈಹಿಡಿದು ಖಾಲಾಳನ್ನು ಓಣಿಗೆ ಕರೆದೊಯ್ದಳು. "ನೋಡ್ರಿ, ಏನಾರ ಕಾಣಸ್ತದೇನು?"

ಗಾಜಿನಲ್ಲಿ ಕಂಡಿದ್ದು ಬಿಸಿಲು, ಎದುರುಮನೆ, ಮತ್ತೆ ಕುಲಸುಮಬಿಯದೇ ಮುಖ.

"ನನ್ನ ಮಾರಿನ ಕಾಣಸಾಕತ್ತದಲ್ಲ ಬೇ!" ಎಂದು ಖಾಲಾ ಮಗುವಿನ ಹಾಗೆ ನಕ್ಕಳು. "ಆಯ್ತು ಬೇಟಿ. ನಿನ್ನ ಮಾತಿನ ಮ್ಯಾಲ ಹೊಂಟೇನಿ."

ಆ ದಿನಗಳಲ್ಲಿ ಶಾಹೀನಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ರಜೆಯ ದಿನ ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯುವವನು ರೆಹಾನ. ಅಳತೆ ತಪ್ಪು ಹೇಳಿ ಮತ್ತೆ ಹಿಡಿಸುವವನೂ ಅವನೇ!

"ಸರ್, ಮಕ್ಕಳಿಗೂ ಹಿಂಗ ಲೆಕ್ಕ ಕಲಸ್ತೀರೇನ್ರಿ?"

"ಇಲ್ರಿ ಮೇಡಂ. ಮಕ್ಕಳ ಮುಂದ ನಂದು ತಲಿ ಸರಿ ಇರ್ತದ."

ನಾಲ್ಕರ ಬಸ್ಸಿಗೆ ಗದ್ದಲ ಜಾಸ್ತಿ. ಬಸ್ಸು ನಿಲ್ಲುವುದರೊಳಗೆ ರೆಹಾನ ಓಡಿಹೋಗಿ, ಕಿಟಕಿಯಿಂದ ತನ್ನ ನೀಲಿ ದಸ್ತಿ, ಅದೇ ಕರವಸ್ತ್ರ, ಒಳಗೆಸೆದು ಸೀಟು ಹಿಡಿಯುತ್ತಿದ್ದ. ನಮ್ಮ ಕಡೆ ಸೀಟಿನ ಮೇಲೆ ಯಾರದಾದರೂ ದಸ್ತಿ ಬಿತ್ತೆಂದರೆ ಮುಗಿಯಿತು, ಇನ್ನೊಬ್ಬರು ಕೂರುವ ಹಾಗಿಲ್ಲ. ಶಾಹೀನ ಹತ್ತಿ ಕೂತು, ದಸ್ತಿ ಮಡಿಚಿ ಕಿಟಕಿಯಿಂದ ವಾಪಸ್ ಕೊಡುತ್ತಿದ್ದಳು. ಬೆರಳಿಗೆ ಬೆರಳು ತಾಗಿದರೆ ನಿಂಬರ್ಗಾ ಬರುವವರೆಗೂ ಎದೆ ಡವಡವ.

ಹಾಲ್ ಮುಗಿದ ದಿನ ಸಂಜೆ ಎಲ್ಲರೂ ಕೂಡಿ ಖುರಾನ್ ಓದುವ ಖುರಾನ್ ಖಾನಿ ಇಟ್ಟುಕೊಂಡಿದ್ದರು. ಓಣಿಯ ಹೆಂಗಸರೆಲ್ಲ ಬರುವವರಿದ್ದರು. ಕುಲಸುಮಬಿ ಎಷ್ಟು ಕೇಳಿಕೊಂಡರೂ ಶಾಹೀನ ಬ್ಯಾಗು ಎತ್ತಿಕೊಂಡಳು. ನಾಲ್ಕರ ಬಸ್ಸು!

ಕಿಟಕಿಯ ಕೆಳಗೆ ನಿಂತು ರೆಹಾನ ಅಂದ, "ಮುಂದಿನ ಶುಕ್ರವಾರ ಜುಮ್ಮಾ ನಮಾಜ್ ಆದ ಮ್ಯಾಲ ಅಮ್ಮಿನ್ನ ಕರಕೊಂಡು ಆಳಂದಕ್ಕ ಬರ್ತೇನಿ. ನಿಮ್ಮ ಅಬ್ಬಾನ ಹತ್ರ ಒಂದು ಮಾತು ಕೇಳೋದದ."

"ಏನು ಮಾತು?"

"ಮೇಡಂಗ ಎಲ್ಲಾ ಬಿಡಿಸಿ ಹೇಳಬೇಕೇನು?"

ಬಸ್ಸು ಹೊರಟಿತು. ದಸ್ತಿ ಕೊಡುವುದೇ ಮರೆತುಹೋಯಿತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಊರು ಮುಟ್ಟಿದಳು. ಅವತ್ತೇ ಹಾಲಿನ ವಿಡಿಯೊವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಮೊದಲು ಹಳೆ ಕತ್ತಲ ಪಡಸಾಲೆ, ಆಮೇಲೆ ಬಿಸಿಲು ತುಂಬಿದ ಗಾಜಿನ ಹಾಲ್, ಮೇಲೆ ದಪ್ಪ ಅಕ್ಷರದಲ್ಲಿ ವಿದಾಯ: 'ಕತ್ತಲಿಗೆ ಖುದಾ ಹಾಫಿಜ್!'

ಲೈಕುಗಳ ಮೇಲೆ ಲೈಕು. ಹುಡುಗಿ ಮೆರೆದಿದ್ದೇ ಮೆರೆದಿದ್ದು.

ಜುಮ್ಮಾ ಬಂತು. ರೆಹಾನ ಬರಲಿಲ್ಲ.

ಅದರ ಮುಂದಿನ ಜುಮ್ಮಾ ಬಂತು. ಬರಲಿಲ್ಲ.

"ಸರ್, ಖಾಲಾ ಆರಾಮ ಇದ್ದಾರೇನ್ರಿ? ಆ ಕಡೆ ಕೆಲಸ ಅದ, ಮನಿಗಿ ಬಂದು ಹೋಗ್ಲೇನು?" ಎಂದು ಇವಳು ಮೆಸೇಜು ಹಾಕಿದರೆ, "ಈ ವಾರ ಬ್ಯಾಡ್ರಿ ಮೇಡಂ. ಮುಂದಿನ ವಾರ ನೋಡೋಣ" ಎಂದು ಉತ್ತರ.

"ಹಾಲ್ ಹ್ಯಾಂಗದ? ಫೋಟೋ ಆದ್ರೂ ಕಳಸ್ರಿ."

ಫೋಟೋ ಬರುತ್ತಿತ್ತು. ಪ್ರತಿ ಜುಮ್ಮಾಕ್ಕೆ ತಪ್ಪದೆ. ಬಿಸಿಲು, ಗಾಜು, ಹೊಳೆಯುವ ಶಾಬಾದಿ ನೆಲ. ಕೆಳಗೆ ಒಂದೇ ಸಾಲು, 'ಮನಿ ಚಂದ ಅದ್ರಿ.'

ಮನೆ ಚಂದ ಇದೆ. ಹಾಗಾದರೆ ಚಂದ ಇಲ್ಲದ್ದು ನಾನೇ!

ಶಾಹೀನಳ ತಲೆ ಎಲ್ಲೆಲ್ಲೋ ಓಡಿತು. 'ಗೌಂಡಿಗಳ ನಡುವೆ ನಿಂತು ಕೂಗಾಡೋ ಹುಡುಗಿ ಸೊಸೆಯಾಗಿ ಯಾರಿಗೆ ಬೇಕು? ಖಾಲಾ ಒಪ್ಪಿರಲಿಕ್ಕಿಲ್ಲ. ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲದೆ ಬರೋದು ಬೇಡ ಅಂತಿದ್ದಾನೆ. ನಾನೇ ಹುಚ್ಚಿ... ಒಂದು ದಸ್ತಿ ನಂಬಿಕೊಂಡು ಕೂತೆ!'

ಆ ದಸ್ತಿಯನ್ನು ಒಗೆದು, ಇಸ್ತ್ರಿ ಮಾಡಿ, ಟ್ರಂಕಿನ ತಳಕ್ಕೆ ಹಾಕಿದಳು. ಮರುದಿನ ಮತ್ತೆ ತೆಗೆದು ನೋಡಿದಳು. ಏನು ಹೇಳೋಣ ಈ ಹುಡುಗಿಗೆ!

ಒಂದು ಶುಕ್ರವಾರ ಬಂದ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದವಳು ಥಟ್ಟನೆ ಎದ್ದು ಕೂತಳು. ಗಾಜಿನ ಚೌಕಟ್ಟಿನ ಮೇಲೆ ಸಾಲಾಗಿ ಮೊಳೆಗಳು! ಹೊಚ್ಚ ಹೊಸ ಸಾಗವಾನಿ ಕಟ್ಟಿಗೆಗೆ ಯಾರೋ ಮೊಳೆ ಬಡಿದಿದ್ದಾರೆ. ಒಂದು ಮೊಳೆಗೆ ಬಣ್ಣದ ದಾರವೊಂದು ಸಿಕ್ಕಿಕೊಂಡು ತೂಗುತ್ತಿತ್ತು.

"ನನ್ನ ಚೌಕಟ್ಟಿಗಿ ಮೊಳಿ ಬಡದವರು ಯಾರು?"

ಪ್ರೀತಿ ಹೋದರೆ ಹೋಗಲಿ. ಕೆಲಸದ ವಿಷಯಕ್ಕೆ ಬಂದರೆ ಶಾಹೀನ ಸುಮ್ಮನಿರುವವಳಲ್ಲ. ಯಾರಿಗೂ ಹೇಳದೆ ಮರುದಿನ ಬೆಳಗಿನ ಬಸ್ಸು ಹತ್ತಿಬಿಟ್ಟಳು.

ಅಫಜಲಪುರದ ಓಣಿಯ ಬಾಯಲ್ಲಿ ಪಾನ್ ಅಂಗಡಿಯವನು ಗುರುತು ಸಿಗದೆ ಕೇಳಿದ, "ಯಾರ ಮನಿಗ್ರಿ? ಶೋರೂಮ್ ಮನಿಗೇನು?"

"ಶೋರೂಮಾ? ಇಲ್ರಿ, ರೆಹಾನ ಸರ್ ಮನಿಗಿ."

"ಅದ ರೀ. ಸಂಜಿಮುಂದ ಲೈಟ್ ಹಾಕಿದ್ರ ಒಳಗಿನ ಮಂದಿ ಎಲ್ಲಾ ಶೋರೂಮಿನಾಗ ಇಟ್ಟಂಗ ಕಾಣಸ್ತಿದ್ರು. ಈಗ ಬಂದ್ ಮಾಡ್ಯಾರ ಬಿಡ್ರಿ."

ಶಾಹೀನಳ ಕಾಲು ಅಲ್ಲೇ ಕಚ್ಚಿಕೊಂಡಿತು.

ಸಂಜೆ... ಲೈಟು... ಒಳಗೆ ಬೆಳಕು, ಹೊರಗೆ ಕತ್ತಲು... ಹಗಲಲ್ಲಿ ಹೊರಗಿನವರಿಗೆ ಕನ್ನಡಿಯಾಗುವ ಗಾಜು, ದೀಪ ಹಚ್ಚಿದ ಮೇಲೆ ಒಳಗಿನವರಿಗೆ ಕನ್ನಡಿಯಾಗುತ್ತದೆ. ಹೊರಗಿನವರಿಗೆ ಬರೀ ಗಾಜು! ಇಷ್ಟು ಸಣ್ಣ ಮಾತು... ಯಾಕೆ ಹೊಳೆಯಲಿಲ್ಲ ನನಗೆ?

ಮನೆ ಮುಂದೆ ನಿಂತಳು. ಗಾಜಿನ ಹಿಂದೆ ಈ ತುದಿಯಿಂದ ಆ ತುದಿಯವರೆಗೂ ಹಳೆ ಕೌದಿ, ಚಾದರ, ಒಂದು ಕಡೆ ಜೋಳದ ಚೀಲ ಬಿಚ್ಚಿ ಹೊಲಿದ ಪರದೆ.

ಬಾಗಿಲು ತೆರೆದ ಕುಲಸುಮಬಿ ಇವಳನ್ನು ಕಂಡು ಗಾಬರಿಯಾದಳು. ಬೈಯಲಿಲ್ಲ. ಅದರ ಬದಲು ಓಡಿಹೋಗಿ ಒಂದು ಕೌದಿಯನ್ನು ಕೀಳಲು ನೋಡಿದಳು, ಮನೆ ಗುಡಿಸುವ ಮೊದಲೇ ನೆಂಟರು ಬಂದಾಗ ಮಾಡುವ ಹಾಗೆ.

"ಬ್ಯಾಡ ಖಾಲಾ... ಬಿಡ್ರಿ..." ಶಾಹೀನ ಅವಳ ಕೈ ಹಿಡಿದಳು. "ನನಗ ಗೊತ್ತಾಯ್ತು."

ಹಾಲ್ ಒಳಗೆ ಕತ್ತಲು, ಅದರ ಮೇಲೆ ಧಗೆ. ತೆರೆಯಲು ಬಾರದ ಗಾಜು, ಗಾಳಿಗೆ ದಾರಿಯಿಲ್ಲ. ಮೂಲೆಯಲ್ಲಿ ಜೋಳದ ಚೀಲ ಪೇರಿಸಿದ್ದರು. ಕುಲಸುಮಬಿ ಮತ್ತೆ ಅದೇ ಹಳೆ ಪಡಸಾಲೆಯಲ್ಲಿ ಕೂರತೊಡಗಿದ್ದಳು.

"ಖುರಾನ್ ಖಾನಿ ದಿನ ಏನಾಯ್ತು ಖಾಲಾ? ನನಗ ಎಲ್ಲಾ ಹೇಳ್ರಿ."

ಕುಲಸುಮಬಿ ಜೋಳದ ಚೀಲಕ್ಕೆ ಒರಗಿ ಕೂತು ಹೇಳಿದಳು. "ಎಲ್ಲಾರೂ ಕುಂತು ಓದಾಕತ್ತಿದ್ವಿ ಬೇಟಿ. ಗರಮಿ ಅಂತ ಬುರ್ಖಾ ತಗದಿಟ್ಟಿದ್ರು. ನಂದೇ ಮನಿ ಅಲ್ಲ, ಯಾರ ನೋಡ್ತಾರ? ಎದುರಮನಿ ವಜೀರುನ್ನಿಸಾ ತಡಮಾಡಿ ಬಂದ್ಳು. ಬಾಗಿಲದಾಗ ನಿಂತು, 'ಬೇ, ಮಸೂತಿಯಿಂದ ಬರೋ ಗಂಡಸರೆಲ್ಲಾ ಮಾರಿ ತಿರಗಿಸ್ಕೊಂಡು ಹೊಂಟಾರ. ನೀವು ಹೊರಗ ಕುಂತಂಗ ಕಾಣಸಾಕತ್ತೀರಿ' ಅಂದ್ಳು..."

ಅವಳು ತೂಗುತ್ತಿದ್ದ ಕೌದಿಯ ಕಡೆ ನೋಡಿದಳು.

"ಓದು ಅರ್ಧಕ್ಕ ನಿಂತ್ತು. ಬುರ್ಖಾ ಹುಡುಕ್ಯಾಡಿ, ಒಬ್ಬರ ಮ್ಯಾಲ ಒಬ್ಬರು ಬಿದ್ದು ಎದ್ದು ಹ್ವಾದ್ರು. ನನ್ನ ಮಾತಿನ ಮ್ಯಾಲ ಬಂದವರು ಅವರು. ಆವತ್ತಿನಿಂದ ಒಬ್ಬಾಕಿನೂ ನನ್ನ ಹೊಸ್ತಿಲ ತುಳದಿಲ್ಲ."

ಕತ್ತಲಿಗೆ ಖುದಾ ಹಾಫಿಜ್! ಆ ದಪ್ಪ ಅಕ್ಷರ ಶಾಹೀನಳ ಕಣ್ಣಮುಂದೆ ಬಂದು ನಿಂತಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದಳು. ಈ ಹೆಂಗಸು ಮೊದಲೇ ಕೇಳಿದ್ದಳಲ್ಲ! ಕೈಹಿಡಿದು ಓಣಿಗೆ ಕರೆದೊಯ್ದು, ನಗಿಸಿ, ನಂಬಿಸಿದ್ದು ತಾನೇ ಅಲ್ಲವೇ?

"ಮತ್ತ ಫೋಟೋ? ಫೋಟೋದಾಗ ಪರದೆ ಇರಲಿಲ್ಲಲ್ಲ..."

"ಅದಾ? ಪ್ರತಿ ಜುಮ್ಮಾಕ್ಕ ನಮಾಜ್ ಮುಗಿಸಿ ಬಂದು ನಮ್ಮ ರೆಹಾನ ಎಲ್ಲಾ ಕೌದಿ ಬಿಚ್ಚತಾನ. ಗಾಜು ಒರಸ್ತಾನ, ಚೀಲ ಸರಸ್ತಾನ, ಫೋಟೋ ಹೊಡೀತಾನ. ಆಮ್ಯಾಲ ಮತ್ತ ಎಲ್ಲಾ ಕಟ್ಟತಾನ. ನನ್ನ ಮಗಗ ಯಾರರೆ ಮಾಟ ಮಾಡ್ಯಾರೋ ಏನೋ ಅಂತ ದುವಾ ಓದಿ ಊದಿದೆ ಬೇಟಿ!"

ಶಾಹೀನಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಬಾಗಿಲಲ್ಲಿ ರೆಹಾನ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ. ಇವಳನ್ನು ಕಂಡು ಅವನ ಮುಖ ಬಿಳಚಿತು.

"ಮೇಡಂ... ನೀವು..."

"ನನಗ ಯಾಕ ಹೇಳಲಿಲ್ರಿ?" ಶಾಹೀನ ಎದ್ದು ನಿಂತಳು. "ಇಷ್ಟು ದಿನ ನನಗ ಸುಳ್ಳು ಫೋಟೋ ಕಳಿಸಿದ್ರಿ! ಮನಿ ಚಂದ ಅದ ಅಂದ್ರಿ!"

"ಹೇಳಾಕ ಬಾಯಿ ಬರಲಿಲ್ರಿ. ಆ ವಿಡಿಯೊ ಹಾಕಿ ನೀವು ಅಷ್ಟು ಖುಷಿಲೇ ಇದ್ರಿ... ಆ ಖುಷಿ ನನ್ನ ಕೈಲೇ ಹ್ಯಾಂಗ ಕಸಗೊಳ್ಳಲಿ?"

"ಅದಕ್ಕ ಆಳಂದಕ್ಕ ಬರಲಿಲ್ಲೇನು?"

ಅವನು ತಲೆ ತಗ್ಗಿಸಿದ. "ಬಂದು ಏನಂತ ಕೇಳಲಿ? ಮಾತು ಆದ ಮ್ಯಾಲ ನಿಮ್ಮ ಅಬ್ಬಾ ಮನಿ ನೋಡಾಕ ಬರ್ತಿದ್ರು. ಮಗಳು ಕಟ್ಟಿದ ಹಾಲಿಗಿ ಕೌದಿ ಬಡದದ್ದು ತೋರಸ್ಲೇನು? ತಪ್ಪು ನಿಮ್ಮದೊಂದೇ ಅಲ್ರಿ. ವರ್ಷಾ ವರ್ಷಾ ಮಕ್ಕಳಿಗಿ ಬೆಳಕಿನ ಪಾಠ ಮಾಡಾಂವ ನಾನು. ನನಗೂ ಹೊಳೀಲಿಲ್ಲ. ಅಮ್ಮಿ ಹಿಂದಮುಂದ ನೋಡಿದ್ರೂ ಹಟ ಹಿಡದಾಂವ ನಾನು."

"ಇಲ್ಲ ಸರ್. ತಪ್ಪು ನಂದು." ಶಾಹೀನಳ ಕಣ್ಣಿಂದ ನೀರು ಇಳಿಯಿತು. ಯಾರಿಗೂ ಹೇಳದಿದ್ದ ಮಾತು ಅದು. "ನಾ ಕಟ್ಟಿದ ಒಂದು ಮನೀನೂ ದೀಪ ಹಚ್ಚಿದ ಮ್ಯಾಲ ನಾ ನೋಡಿಲ್ರಿ. ಒಂದನ್ನೂ! ನಾಲ್ಕಕ್ಕ ಬಸ್ಸು ಹತ್ತಾಕಿ ನಾನು. ಬೆಳಕಿನ ಮನಿ ಬೆಳಕಿನ ಮನಿ ಅಂತ ಊರ ತುಂಬ ಹೇಳಿಕೊಂಡು ತಿರಗತೇನಿ... ಸಂಜೀಕ ಮನಿ ಹ್ಯಾಂಗಿರ್ತದ ಅಂತ ನನಗ ಗೊತ್ತೇ ಇಲ್ಲ."

ಕುಲಸುಮಬಿ ಸೆರಗಿನ ತುದಿಯಿಂದ ಅವಳ ಕಣ್ಣೊರೆಸಿದಳು.

ಅವತ್ತು ಬಸ್‌ಸ್ಟ್ಯಾಂಡಿಗೆ ರೆಹಾನ ಬರುತ್ತೇನೆಂದರೂ ಅವಳು ಬೇಡವೆಂದಳು. ನಾಲ್ಕರ ಬಸ್ಸಿನಲ್ಲಿ ನಿಂತೇ ಬಂದಳು. ದಾರಿಯಲ್ಲಿ ಆ ವಿಡಿಯೊ ಅಳಿಸಿಹಾಕಿದಳು. ಆಮೇಲೆ ಜೇವರ್ಗಿಯ ವಿದ್ಯಾವತಿಗೆ ಫೋನು ಹಚ್ಚಿದಳು. ಹೋದ ವರ್ಷ ಅವರ ಮನೆಗೂ ಇದೇ ಗಾಜು ಹಾಕಿಸಿದ್ದಳು.

"ಅಕ್ಕಾ, ಒಂದು ಕೇಳ್ತೇನಿ, ಖರೇ ಹೇಳ್ರಿ. ದೀಪ ಹಚ್ಚಿದ ಮ್ಯಾಲ ನೀವು ಹೊರಗಿನವರಿಗಿ ಕಾಣಸ್ತೀರೇನು?"

"ಕಾಣಸ್ತೇವಿ ಬಿಡವಾ," ವಿದ್ಯಾವತಿ ನಕ್ಕಳು. "ಆದ್ರ ನಮ್ಮ ಮನಿ ಮುಂದ ಹೊಲ ಅಲ್ಲೇನು? ತೊಗರಿ ಗಿಡ ನೋಡಿದ್ರ ನೋಡವಲ್ವಾಕ!"

ಅಲ್ಲಿ ಉಳಿದದ್ದು ಹೊಲದಿಂದ, ತನ್ನ ಜಾಣತನದಿಂದಲ್ಲ. ಶಾಹೀನ ಫೋನು ಇಟ್ಟು ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ಹಫೀಜ ಹೊಲಿಗೆ ಮಿಷನ್ನಿನ ಮುಂದಿದ್ದ. ಮಗಳ ಮುಖ ನೋಡಿ ಕಾಲು ನಿಲ್ಲಿಸಿದ. ಅವಳು ಎಲ್ಲ ಹೇಳಿದಳು, ದಸ್ತಿಯೊಂದನ್ನು ಬಿಟ್ಟು.

"ಅಬ್ಬಾ, ಸರಿಮಾಡಬೇಕು ಅಂದ್ರ ಕತ್ತಲಾದ ಮ್ಯಾಲ ನಾ ಅಲ್ಲಿರಬೇಕು. ನೋಡಿ ನೋಡಿ ಕಟ್ಟಬೇಕು."

ಹಫೀಜ ದಾರದ ಉಂಡೆ ಪಕ್ಕಕ್ಕಿಟ್ಟ. "ಒಂದು ಕುಪ್ಪಸ ಹೊಲಿದ್ರೂ ತೊಟ್ಟು ನೋಡವಾ ಅಂತೇನಿ ನಾನು. ನಿನಗ ಮಾತ್ರ ನೋಡಾಕ ಬಿಡಲಿಲ್ಲ. ಹೆದರಿಕಿ ನಂದು, ಮಾನ ಹೋಗಿದ್ದು ಆ ತಾಯಿದು." ಕನ್ನಡಕ ತೆಗೆದು ಒರೆಸಿಕೊಂಡ. "ನಡಿ. ನಾನೂ ಬರ್ತೇನಿ."

ಶಾಹೀನ ಮೊದಲು ಮಾಡಿದ್ದು ಗೋಡೆ ಕೆಲಸವಲ್ಲ. ಕುಲಸುಮಬಿಯ ಹಿಂದೆ ತಲೆ ತಗ್ಗಿಸಿ ಓಣಿಯ ಮನೆಮನೆಗೆ ಹೋದಳು. "ತಪ್ಪು ಖಾಲಾದಲ್ಲ, ನಂದು. ಮಾಫ್ ಮಾಡ್ರಿ," ಎಂದು ಒಂದೊಂದು ಹೊಸ್ತಿಲಲ್ಲೂ ಹೇಳಿದಳು. ಕೆಲವರು ಚಾ ಕೊಟ್ಟರು. ಕೆಲವರು ಬಾಗಿಲನ್ನು ಪೂರ್ತಿ ತೆರೆಯಲೂ ಇಲ್ಲ.

ವಜೀರುನ್ನಿಸಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮನ್ನ ಕುಂದರಿಸೋ ಮೊದಲ ನೀ ಕುಂದರು ಬೇ. ದೀಪ ಹಚ್ಚಿಕೊಂಡು, ಒಬ್ಬಾಕಿನ. ನಾವು ಓಣ್ಯಾಗ ನಿಂತು ನೋಡ್ತೇವಿ. ಹ್ಯಾಂಗ ಅನಸ್ತದ ನಿನಗೂ ಗೊತ್ತಾಗಲಿ."

"ಕುಂದರ್ತೇನ್ರಿ," ಎಂದಳು ಶಾಹೀನ.

ಗಾಜು ಇಳಿಸಿದರು. ಅದರ ಜಾಗದಲ್ಲಿ ಇಟ್ಟಂಗಿಯ ಜಾಳಿ ಗೋಡೆ. ಇಟ್ಟಂಗಿಗಳ ನಡುವೆ ಸಂದಿ ಬಿಟ್ಟು, ಸಂದಿಗಳು ಹೊರಗೆ ಓಣಿಯ ಕಡೆ ಇಳಿಜಾರಾಗಿರುವ ಹಾಗೆ ಓರೆಯಾಗಿ ಜೋಡಿಸಬೇಕು. ಹಾಲ್ ಎತ್ತರದ ಕಟ್ಟೆಯ ಮೇಲಿದ್ದದ್ದರಿಂದ ಒಳಗಿನವರು ಸಂದಿಗೆ ಕಣ್ಣು ಹಚ್ಚಿದರೆ ಓಣಿ ಕಾಣುತ್ತದೆ, ಓಣಿಯವರು ಕತ್ತೆತ್ತಿದರೆ ಸೂರು ಮಾತ್ರ. ಗಾಳಿಯೂ ಬರುತ್ತದೆ. ಮೇಲೆ ಸೂರಿನ ಅಂಚಿಗೆ ಉದ್ದಕ್ಕೂ ಬೆಳಕಿನ ಕಿಂಡಿ.

ಈ ಸಲ ಅವಳು ಯಾರಿಗೂ ಮಾತು ಕೊಡಲಿಲ್ಲ. ಗಾರೆ ಹಾಕದೆ ಬರೀ ಇಟ್ಟಂಗಿ ಜೋಡಿಸಿ, ಸಂಜೆಯವರೆಗೆ ಕಾದು, ದೀಪ ಹಚ್ಚಿ, ಓಣಿಗೆ ಓಡಿ ನೋಡುತ್ತಿದ್ದಳು. ಒಳಗೆ ರೆಹಾನ ಕೂತಿರುತ್ತಿದ್ದ. "ಸರ್, ನಿಮ್ಮ ಗಡ್ಡ ಕಾಣಸಾಕತ್ತದ!" ಎಂದರೆ ಎಲ್ಲ ಕೆಡವಿ ಮತ್ತೆ ಜೋಡಿಸುವುದು.

"ಮೇಡಂ, ಇನ್ನ ಎಷ್ಟು ಸಲ ಕೆಡವೋದ್ರಿ?" ಗೌಂಡಿ ನಾಗಣ್ಣ ಗೊಣಗುತ್ತಿದ್ದ.

"ಕಾಣಸದಂಗ ಆಗೋತನ ನಾಗಣ್ಣ."

ಹಫೀಜ ಕಟ್ಟೆಯ ಮೇಲೆ ಕೂತು ಕೌದಿಗಳ ಹರಿದ ಅಂಚು ಹೊಲಿಯುತ್ತ ಎಲ್ಲವನ್ನೂ ನೋಡುತ್ತಿದ್ದ. ಮಗಳನ್ನೂ ನೋಡುತ್ತಿದ್ದ, ಆ ಹುಡುಗನನ್ನೂ ನೋಡುತ್ತಿದ್ದ. ಟೇಲರನ ಕಣ್ಣಲ್ಲವೇ, ಅಳತೆ ತೆಗೆದುಕೊಂಡಾಗಿತ್ತು!

ಕೊನೆಗೂ ಆ ಸಂಜೆ ಬಂತು.

ಮಗ್ರಿಬ್ ನಮಾಜ್ ಮುಗಿದಿತ್ತು. ಓಣಿಯಲ್ಲಿ ಬುರ್ಖಾ ತೊಟ್ಟ ಹೆಂಗಸರು ಗುಂಪಾಗಿ ನಿಂತರು. ವಜೀರುನ್ನಿಸಾ ಎಲ್ಲರಿಗಿಂತ ಮುಂದೆ. ಕುಲಸುಮಬಿಯ ಕೈಯಲ್ಲಿ ತಸಬಿಯ ಮಣಿಗಳು ಓಡುತ್ತಿದ್ದವು.

ಶಾಹೀನ ಒಬ್ಬಳೇ ಹಾಲ್ ಒಳಗೆ ಬಂದು ಬಾಗಿಲು ಹಾಕಿದಳು. ತಲೆ ಮೇಲಿನ ದುಪಟ್ಟಾ ತೆಗೆದು ಪಕ್ಕಕ್ಕಿಟ್ಟಳು. 'ಯಾ ಅಲ್ಲಾ, ಈ ಸಲ ನನ್ನ ಮಾನ ಅಲ್ಲ, ಖಾಲಾದ ಮಾನ ಕಾಯಿ...'

ಎಲ್ಲ ದೀಪಗಳನ್ನೂ ಹಾಕಿದಳು.

ಹೊರಗೆ ಸದ್ದಿಲ್ಲ.

ಆ ಸಂಜೆ ಈ ಹೆಂಗಸರಿಗೆ ಹೇಗಾಗಿರಬಹುದು ಎಂಬುದು ಅವಳಿಗೆ ಈಗ ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು.

"ಎಲ್ಲಿದ್ದಿ ಬೇ?" ವಜೀರುನ್ನಿಸಾಳ ದನಿ.

"ಇಲ್ಲೇ ಇದ್ದೇನ್ರಿ, ನಟ್ಟನಡುವ!"

"ಕೈ ಎತ್ತು!"

"ಎತ್ತೇನ್ರಿ!"

"ಅಡ್ಡಾಡು!"

"ಅಡ್ಡಾಡಾಕತ್ತೇನ್ರಿ!"

ಆಮೇಲೆ ವಜೀರುನ್ನಿಸಾ ಗಟ್ಟಿಯಾಗಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು, "ಕಾಣಸವಲ್ಲಿ! ಏನಂದ್ರೂ ಕಾಣಸವಲ್ಲಿ! ಕುಲಸುಮಾ, ಚಾಕ್ಕ ಇಡು ಬೇ, ಬರಾಕತ್ತೇವಿ!"

ಶಾಹೀನ ಜಾಳಿಯ ಪಕ್ಕ ಕೂರಲೆಂದು ಕಟ್ಟಿದ್ದ ಒಳಗಟ್ಟೆಗೆ ಕೈಯೂರಿ ಅತ್ತುಬಿಟ್ಟಳು.

ಹೆಂಗಸರು ಚಪ್ಪಲಿ, ಎಲೆ ಅಡಿಕೆ ಸಂಚಿ ಅಂತ ಗದ್ದಲ ಮಾಡುತ್ತ ಬಾಗಿಲ ಕಡೆ ತಿರುಗಿದರು. ಓಣಿಯಲ್ಲಿ ಉಳಿದವನು ರೆಹಾನ ಒಬ್ಬನೇ. ಸ್ವಲ್ಪ ದೂರದಲ್ಲಿ ಹಫೀಜ ಬೆನ್ನು ತಿರುಗಿಸಿ ನಿಂತು, ಯಾವತ್ತೂ ನೋಡದ ಆಕಾಶವನ್ನು ನೋಡುತ್ತಿದ್ದ.

ಇಟ್ಟಂಗಿಯ ಸಂದಿಗೆ ಕಣ್ಣು ಹಚ್ಚಿದರೆ ರೆಹಾನ ಪೂರ್ತಿ ಕಾಣುತ್ತಿದ್ದ. ಅವನಿಗೆ ಇವಳು ಕಾಣುತ್ತಿರಲಿಲ್ಲ. ಶಾಹೀನ ಮೊದಲ ಸಲ ಕಣ್ಣು ತಪ್ಪಿಸದೆ ಅವನನ್ನು ನೋಡಿದಳು. ಆ ಮೂಗು, ಸರಿಯಾಗಿ ಕತ್ತರಿಸದ ಆ ಗಡ್ಡ, ಇವಳಿಗಾಗಿ ಕೌದಿ ಬಿಚ್ಚಿ ಕಟ್ಟಿದ ಆ ಕೈ... ಮನಸ್ಸು ತಣಿಯುವಷ್ಟು ನೋಡಿದಳು.

ಅವನು ಗೋಡೆಯ ಹತ್ತಿರ ಬಂದು ಮೆಲ್ಲಗೆ ಅಂದ, "ಮೇಡಂ, ಕೇಳಸ್ತದೇನ್ರಿ? ಮುಂಜಾನಿ ಅಮ್ಮಿ ನಿಮ್ಮ ಅಬ್ಬಾನ್ನ ಕೇಳ್ಯಾರ. 'ನನ್ನ ಮಗಳನ್ನ ಕೇಳ್ರಿ, ಆಕಿ ಹ್ಞೂಂ ಅಂದ್ರ ನಂದೂ ಹ್ಞೂಂ' ಅಂದಾರ್ರಿ."

ಅವನು ಗೋಡೆಗೆ ಕಿವಿಗೊಟ್ಟ.

"ಶಾಹೀನ...?" ಮೊದಲ ಸಲ ಹೆಸರು ಹಿಡಿದು ಕರೆದ. "ಬರಬೇಕಾದಾಗ ಬರಲಿಲ್ಲ. ಮಾಫ್ ಮಾಡು. ಇನ್ನ ನಿನ್ನ ಮುಂದ ಏನೂ ಮುಚ್ಚಿಡಂಗಿಲ್ಲ. ಚಂದ ಇಲ್ಲದ್ದು ಚಂದ ಇಲ್ಲ ಅಂತೇನಿ."

ಬಾಗಿಲಿನಿಂದ ಕುಲಸುಮಬಿ ಕೂಗಿದಳು, "ಲೇ ರೆಹಾನ, ಗ್ವಾಡಿ ಕೂಡ ಏನ್ ಮಾತಾಡಾಕತ್ತಿ?" ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಕಣ್ಣೊರೆಸಿಕೊಂಡ ಶಾಹೀನ ಆಗ ಕಟ್ಟೆಯ ಮೇಲೆ ನೋಡಿದಳು. ಅಲ್ಲೊಂದು ದಸ್ತಿ ಹಾಸಿತ್ತು. ಹೊಸದು, ಅದೇ ನೀಲಿ ಬಣ್ಣ.

"ಸರ್..." ಅವಳ ದನಿ ಸಂದಿಯಿಂದ ಹೊರಗೆ ಬಂತು. "ಇಲ್ಲೊಂದು ದಸ್ತಿ ಹಾಕ್ಯಾರ. ಯಾರ ಸೀಟ್ರಿ ಇದು?"

ರೆಹಾನನ ಮುಖ ಅರಳಿದ್ದು ಅವಳಿಗೆ ಚೆನ್ನಾಗಿ ಕಂಡಿತು.

"ನಾಲ್ಕರ ಬಸ್ಸು ಬಿಟ್ಟವರದು."

"ಹಂಗಾರ ಕುಂದರ್ಲೇನು?"

"ಕುಂದರು. ಆದ್ರ ಯಾವ ಊರಾಗ ಇಳೀತಿ, ಈಗ ಹೇಳಿಬಿಡು."

ಶಾಹೀನ ದಸ್ತಿಯನ್ನು ಎತ್ತಿ ಎದೆಗೊತ್ತಿಕೊಂಡು ಕೂತಳು.

"ಇಳಿಯಂಗಿಲ್ರಿ."